ಸೂರಿನ ಕೆಳಗಿನ ಬಿಸಿಲು

6 ಫೆಬ್ರವರಿ

ಮೊಸಳೆಗೆ,

ಲಕೋಟೆ ದಪ್ಪ ಇದೆಯೆಂದು ಹೆದರಬೇಡ, ಇಪ್ಪತ್ತೆರಡು ಹಾಳೆಯೂ ಪತ್ರವಲ್ಲ. ನಮ್ಮ ತುರ್ತು ಚಿಕಿತ್ಸೆಯ ವಾರ್ಡಿನ ನರ್ಸುಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಿಷ ಹೊಟ್ಟೆಗೆ ಹೋದವರು, ರಕ್ತದಲ್ಲಿ ಉಪ್ಪಿನ ಅಂಶ ಏರುಪೇರಾದವರು, ಗ್ರಂಥಿಗಳು ಕೈಕೊಟ್ಟವರು ಬಾಗಿಲಿಗೆ ಬಂದಾಗ ಮೊದಲ ಹತ್ತು ನಿಮಿಷದಲ್ಲಿ ಏನು ನೋಡಬೇಕು, ಏನು ಮಾಡಬೇಕು ಎನ್ನುವುದು ಅದರ ವಿಷಯ. ಮೂವರು ಹಿರಿಯ ಡಾಕ್ಟರರ ಸಮಿತಿ ಮೊದಲ ಅಧ್ಯಾಯ ಓದಿ, ‘ಇನ್ನಷ್ಟು ಗಾಂಭೀರ್ಯ ಬೇಕು’ ಎಂದು ವಾಪಸು ಕಳಿಸಿದೆ. ಗಾಂಭೀರ್ಯ ಎಂದರೆ ಯಾರಿಗೂ ಅರ್ಥವಾಗದಂತೆ ಬರೆಯುವುದು ಎಂದು ಅವರ ಎಣಿಕೆ. ತಲೆ ಚಿಟ್ಟು ಹಿಡಿದಿದೆ.

ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ನಮ್ಮ ಮಾತಿನಲ್ಲಿ ಬರೆದರೆ ವಾಕ್ಯ ತಲೆಕೆಳಗಾಗಿ ನಿಲ್ಲುತ್ತದೆ ಎಂದು ನೀನೇ ಆಡಿಕೊಳ್ಳುತ್ತೀಯಲ್ಲ, ಈಗ ಓದಿ ತಿದ್ದು. ಡಾಕ್ಟರಿಕೆ ಗೊತ್ತಿಲ್ಲದ ನಿನಗೆ ಅರ್ಥವಾದರೆ, ಹನ್ನೆರಡು ಗಂಟೆ ನಿಂತು ಸುಸ್ತಾದ ನರ್ಸಿಗೂ ಅರ್ಥವಾಗುತ್ತದೆ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಅಮ್ಮ ಹೋದ ಮೇಲೆ ಆ ದೊಡ್ಡ ಜಗಳವಾದಾಗ ನಿಯಮ ಮಾಡಿದವಳು ನೀನು: ಇನ್ನು ಮುಂದೆ ಏನಿದ್ದರೂ ಕಾಗದದಲ್ಲಿ, ಬೈಯುವುದಿದ್ದರೂ ಸ್ಟಾಂಪು ಹಚ್ಚಿ ಬೈಯಬೇಕು. ಎರಡು ವರ್ಷದಿಂದ ಪಾಲಿಸುತ್ತಿದ್ದೇನೆ.

ಅಕ್ಕ


19 ಫೆಬ್ರವರಿ

ಡಾಕ್ಟರಮ್ಮನವರಿಗೆ,

ಓದಿದೆ. ‘ಸೇವಿಸಲ್ಪಟ್ಟ ಪದಾರ್ಥದ ಪ್ರಮಾಣವನ್ನು ಖಚಿತಪಡಿಸಿಕೊಳ್ಳತಕ್ಕದ್ದು’ ಅಂತ ಬರೆದಿದ್ದೀಯ. ‘ಎಷ್ಟು ಕುಡಿದರು, ಕೇಳು’ ಅಂದರೆ ಸಾಲದೇ? ಅಷ್ಟು ಓದುವ ಹೊತ್ತಿಗೆ ಕುಡಿದವನು ಹೋಗಿಯೇ ಬಿಟ್ಟಿರುತ್ತಾನೆ. ಪೆನ್ಸಿಲಿನಲ್ಲಿ ತಿದ್ದಿದ್ದೇನೆ, ಕೋಪ ಮಾಡಿಕೋ.

ಒಂದು ಮಾತು ಮಾತ್ರ ಚೆನ್ನಾಗಿದೆ: ‘ಗಾಳಿಯಲ್ಲಿ ವಿಷವಿದ್ದರೆ ಒಬ್ಬರಿಗೇ ಆಗುವುದು ಅಪರೂಪ; ಪಕ್ಕದಲ್ಲಿದ್ದವರು ಹೇಗಿದ್ದಾರೆ, ವಿಚಾರಿಸು.’ ಇದನ್ನು ಓದಿ ನಮ್ಮ ಕಿಟಕಿಯಮ್ಮ ಭೇಷ್ ಅಂದಳು. ಅವಳು ಯಾರೆಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ನಮ್ಮ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಅರವತ್ತು ದಾಟಿದ ಹೆಂಗಸು, ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುತ್ತಾಳೆ. ನಿನ್ನ ಹಾಳೆಗಳು ಈಗ ಅವಳ ಡ್ರಾಯರಿನಲ್ಲಿವೆ.

ಇಲ್ಲಿ ಎಂದಿನ ಗೋಳು. ಮಕ್ಕಳು ನೀರಿಗೆ ಹೆದರುವುದಿಲ್ಲ, ಅವರ ತಾಯಂದಿರು ಹೆದರಿ ದಡದಿಂದಲೇ ಕೂಗುತ್ತಾರೆ, ಅವರ ದನಿಯ ಮೇಲೆ ನನ್ನ ದನಿ ಹೋಗಬೇಕು. ಈಚೆಗೆ ಹೋಗುತ್ತಿಲ್ಲ. ಬೆಳಿಗ್ಗೆ ಎದ್ದಾಗಲೇ ಸಂಜೆಯಷ್ಟು ಸುಸ್ತು. ‘ಮಿಸ್, ಕಪ್ಪಾಗಿದೀರ’ ಅಂತ ಒಂದು ಮರಿ ಮುಖಕ್ಕೇ ಹೇಳಿತು. ಮತ್ತೊಂದು ನಗುವ ವಿಷಯ: ನನಗೆ ಉಪ್ಪಿನ ಹುಚ್ಚು ಹಿಡಿದಿದೆ. ಅಂಗೈಯಲ್ಲಿ ಹಾಕಿಕೊಂಡು ನೆಕ್ಕುತ್ತೇನೆ, ಹಸುವಿನ ಹಾಗೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆಯಿದೆಯಲ್ಲ, ಎರಡನೆಯದು ಹೋಯಿತು, ಮೊದಲನೆಯದಾದರೂ ಇರಲಿ.

ಮೊಸಳೆ


2 ಮಾರ್ಚ್

ಮೊಸಳೆ,

ನಿನ್ನ ಕಾಗದ ಓದಿ ರಕ್ತ ಕುದಿಯಿತು. ಅಮ್ಮ ಯಾವುದರಿಂದ ಹೋದಳು? ಬಿಪಿ ಏರಿ, ಮೆದುಳಿನಲ್ಲಿ ರಕ್ತನಾಳ ಒಡೆದು. ಅವಳ ಹೊಟ್ಟೆಯಲ್ಲಿ ಹುಟ್ಟಿ ನಲವತ್ತೊಂದನೆಯ ವಯಸ್ಸಿನಲ್ಲಿ ಅಂಗೈಯಲ್ಲಿ ಉಪ್ಪು ಇಟ್ಟುಕೊಂಡು ನೆಕ್ಕುತ್ತೀಯಾ? ಅದನ್ನು ಹಾಸ್ಯವೆಂದು ಬೇರೆ ಬರೆಯುತ್ತೀಯಾ? ಇವತ್ತಿನಿಂದ ಉಪ್ಪು ಬಿಡು. ಊಟಕ್ಕೆ ಹಾಕುವುದನ್ನೂ ಅರ್ಧಕ್ಕಿಳಿಸು. ಸುಸ್ತಿಗೆ ದಿನಕ್ಕೆ ಎರಡು ಬಾಳೆಹಣ್ಣು ತಿನ್ನು, ಕಿತ್ತಳೆ ರಸ ಕುಡಿ, ಪೊಟ್ಯಾಸಿಯಂ ಸಿಗುತ್ತದೆ.

ಕಪ್ಪಾದದ್ದಕ್ಕೆ ಅಚ್ಚರಿಯೇನು? ದಿನಕ್ಕೆ ಆರು ಗಂಟೆ ಬಿಸಿಲಲ್ಲಿ ನಿಂತು ಕೂಗುವವಳು ಬೆಳ್ಳಗಾಗುತ್ತಾಳೆಯೇ? ಅಗಲ ಅಂಚಿನ ಟೋಪಿ ಹಾಕಿಕೋ. ಪ್ರತಿ ಸಲವೂ ಇಷ್ಟು ಚಿಕ್ಕ ವಿಷಯವನ್ನು ನಾನೇ ಹೇಳಬೇಕು.

ಪೆನ್ಸಿಲ್ ತಿದ್ದುಪಡಿ ಎಲ್ಲ ಒಪ್ಪಿದೆ. ಸಮಿತಿ ಒಪ್ಪಿಲ್ಲ.

ಅಕ್ಕ


11 ಏಪ್ರಿಲ್

ಅಕ್ಕ,

ಬರೆಯಲು ತಡವಾಯಿತು. ಪೆನ್ನು ಹಿಡಿದು ಕೂತರೆ ನಿದ್ದೆ ಬರುತ್ತದೆ.

ನಿನ್ನ ಅಪ್ಪಣೆಯಂತೆ ಉಪ್ಪು ಬಿಟ್ಟಿದ್ದೇನೆ. ನಾನು ಯಾರ ಮಾತೂ ಕೇಳುವವಳಲ್ಲ ಅಂತ ಊರೆಲ್ಲ ಹೇಳಿಕೊಂಡು ಬರುತ್ತೀಯಲ್ಲ, ಈ ಸಲ ಅಕ್ಷರಶಃ ಕೇಳಿದ್ದೇನೆ. ಬಾಳೆಹಣ್ಣು ಎರಡಲ್ಲ, ಮೂರು. ಫಲ ಏನೆಂದರೆ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ನೀರಿನಿಂದ ಮೇಲೆದ್ದರೆ ಕಣ್ಣು ಕತ್ತಲೆ ಕಟ್ಟುತ್ತದೆ, ಕಾಲಿನಲ್ಲಿ ಶಕ್ತಿಯೇ ಇಲ್ಲ. ಮೊನ್ನೆ ಮೆಟ್ಟಿಲ ಸರಳು ಹಿಡಿದು ಎರಡು ನಿಮಿಷ ನಿಂತೆ. ಮಕ್ಕಳು ಅದೂ ಒಂದು ಪಾಠವೆಂದುಕೊಂಡು ಸಾಲಾಗಿ ಸರಳು ಹಿಡಿದು ನಿಂತರು.

ಟೋಪಿಯನ್ನೂ ಹಾಕಿಕೊಂಡೆ. ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ನೀನು ಕೇಳುವುದಿಲ್ಲವೆಂದು ಗೊತ್ತು, ಅದಕ್ಕೇ ಹೇಳುವುದಿಲ್ಲ.

‘ಡಾಕ್ಟರಿಗೆ ತೋರಿಸು ತಾಯಿ’ ಅಂತ ಕಿಟಕಿಯಮ್ಮನ ವರಾತ. ‘ನಮ್ಮನೇಲೇ ಡಾಕ್ಟ್ರು ಇದಾಳೆ’ ಅಂದೆ. ‘ಮನೇಲಿ ಎಲ್ಲಿದಾರೆ? ಅಂಚೆಪೆಟ್ಟಿಗೇಲಿದಾರೆ’ ಅಂದಳು.

ಮೊಸಳೆ


20 ಏಪ್ರಿಲ್

ಮೊಸಳೆ,

ನಿನ್ನ ಕಾಗದ ತಲುಪಿದ ದಿನ ವಾರ್ಡಿನಲ್ಲಿ ಹಾಸಿಗೆ ಸಾಲದೆ ಬೆಂಚಿನ ಮೇಲೆ ಮಲಗಿಸಿದ್ದೆವು. ಅದರ ನಡುವೆ ಸಮಿತಿಯ ಸಭೆ. ‘ಕೇಳು’ ಎಂದು ಬರೆದರೆ ನರ್ಸುಗಳಿಗೆ ಅಗೌರವವಂತೆ, ‘ಕೇಳತಕ್ಕದ್ದು’ ಆಗಬೇಕಂತೆ. ಅರ್ಧ ದಿನ ಈ ಚರ್ಚೆ. ಹಾಗಾಗಿ ಚುಟುಕಾಗಿ ಬರೆಯುತ್ತೇನೆ.

ಸಣ್ಣಗಾಗಿದ್ದು ಒಳ್ಳೆಯದೇ. ಕಣ್ಣು ಕತ್ತಲೆ ಕಟ್ಟುವುದು ನೀನು ಸರಿಯಾಗಿ ಊಟ ಮಾಡದೆ ಇರುವುದರಿಂದ. ನಮ್ಮ ವಯಸ್ಸಿಗೆ ಮುಟ್ಟು ಏರುಪೇರಾಗಿ ಸುಸ್ತಾಗುವುದೂ ಇದೆ, ನನಗೂ ಇದೆ, ನಾನು ಮಲಗಿದ್ದೇನೆಯೇ? ಬಿಡುವಾದಾಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸು.

ಎರಡನೆಯ ಕಂತು ಜೊತೆಗಿದೆ: ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಥೈರಾಯ್ಡ್, ಅಡ್ರಿನಲ್. ನಲವತ್ತೊಂದನೆಯ ಹಾಳೆ ತುಂಬ ಕಷ್ಟಪಟ್ಟು ಬರೆದದ್ದು, ಅದನ್ನು ಗಮನವಿಟ್ಟು ಓದು.

ಅಕ್ಕ


2 ಜೂನ್

ಡಾಕ್ಟರ್ ಮೇಡಂ ಅವರಿಗೆ,

ಈಜುಕೊಳದ ಟಿಕೆಟ್ ಕಿಟಕಿಯವಳ ನಮಸ್ಕಾರ. ನೀವು ಬಂದು ಮೂರು ದಿನ ಇದ್ದು ಹೊರಡುವಾಗ, ‘ನಡೆದದ್ದನ್ನ ಒಂದೂ ಬಿಡದೆ ಕ್ರಮವಾಗಿ ಬರೆದು ಕಳಿಸಿ’ ಅಂದ್ರಿ. ಬರೀತೀನಿ. ಕೆಲವು ಮಾತು ನಿಮಗೆ ಹಿಡಿಸಲಿಕ್ಕಿಲ್ಲ, ಒಂದೂ ಬಿಡಬೇಡಿ ಅಂದದ್ದು ನೀವೇ.

ಮೇ ಹದಿನಾರು. ಅದಕ್ಕೂ ಎರಡು ದಿನದ ಹಿಂದಿನಿಂದ ನಿಮ್ಮ ತಂಗಿಗೆ ಜ್ವರ, ವಾಂತಿ, ಭೇದಿ. ‘ಮನೇಲಿ ಬಿದ್ಕೊಳೇ’ ಅಂದೆ. ‘ನಾನು ಬಿದ್ಕೊಂಡ್ರೆ ಮಕ್ಕಳನ್ನ ನಿಮ್ಮಜ್ಜಿ ಈಜಿಸ್ತಾಳಾ?’ ಅಂದಳು. ಬೆಳಿಗ್ಗೆ ಎಂಟೂ ಹತ್ತಕ್ಕೆ ಕೊಳದ ಅಂಚಿನಲ್ಲಿ ಕುಸಿದಳು. ನೀರಿಗೆ ಬೀಳಲಿಲ್ಲ, ಅದೊಂದು ಪುಣ್ಯ. ಮೈ ತಣ್ಣಗಿತ್ತು. ಕೇಳಿದ್ದಕ್ಕೆ ಅರ್ಥವಿಲ್ಲದ ಉತ್ತರ.

ಆಂಬುಲೆನ್ಸಿನವರು ಬಂದರು. ನೀರಿಗೆ ಹಾಕೋ ಔಷಧಿ ಇಡೋ ಕೋಣೆಯ ಬಾಗಿಲು ತೆರೆದಿತ್ತು, ಅವಳ ಬಟ್ಟೆಗೆ ಕ್ಲೋರಿನ್ ವಾಸನೆ. ಆಯ್ತು, ಕ್ಲೋರಿನ್ ಗಾಳಿ ಕುಡಿದಿದಾಳೆ ಅಂತ ಚೀಟಿ ಬರೆದುಬಿಟ್ಟರು. ಕೊಳದಲ್ಲಿ ಕೆಲಸ ಮಾಡೋರ ಬಟ್ಟೆಗೆ ಇನ್ನೇನು ಮಲ್ಲಿಗೆ ವಾಸನೆ ಇರುತ್ತಾ? ಆಸ್ಪತ್ರೆಯವರು ಆ ಚೀಟಿ ನಂಬಿ ಬಟ್ಟೆ ತೆಗೆಸಿ, ಮೈ ತೊಳೆಸಿ, ಆಕ್ಸಿಜನ್ ಇಟ್ಟರು. ಬಿಪಿ ಎಪ್ಪತ್ತು. ಒಂದು ಬಾಟ್ಲಿ ಸಲೈನ್ ಹೋಯ್ತು, ಎರಡು ಹೋಯ್ತು, ಬಿಪಿ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ.

ನಿಮಗೆ ಮೂರು ಸಲ ಫೋನ್ ಮಾಡಿದೆ. ನೀವು ವಾರ್ಡಿನಲ್ಲಿದ್ದಿರಿ, ಎತ್ತಲಿಲ್ಲ. ಆಗ ನನಗೆ ಚೀಲದಲ್ಲಿದ್ದ ನಿಮ್ಮ ಹಾಳೆಗಳ ನೆನಪಾಯ್ತು. ಬಸ್ಸಿನಲ್ಲಿ ಓದೋಣ ಅಂತ ಹಾಕ್ಕೊಂಡಿದ್ದೆ. ಅಲ್ಲೇ ನೆಲದ ಮೇಲೆ ಹರಡಿಕೊಂಡು ಕೂತೆ.

ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಿಗೆ ಹೇಳಿದೆ, ‘ಸಾರ್, ಅದೇ ಗಾಳೀಲಿ ನಾನಿದ್ದೆ, ಹದಿನೆಂಟು ಮಕ್ಕಳಿದ್ವು. ಯಾರೂ ಕೆಮ್ಮಲಿಲ್ಲ. ಇವಳೂ ಕೆಮ್ಮಲಿಲ್ಲ.’

‘ಅಮ್ಮಾ, ಹೊರಗೆ ಕೂತ್ಕೊಳಿ’ ಅಂದ್ರು.

ಅಷ್ಟರಲ್ಲಿ ರಕ್ತದ ವರದಿ ಬಂತು. ಸೋಡಿಯಂ ಇಳಿದಿದೆ, ಪೊಟ್ಯಾಸಿಯಂ ಏರಿದೆ, ಸಕ್ಕರೆ ಇಳಿದಿದೆ ಅಂತ ಓದಿದರು. ‘ವಾಂತಿ ಭೇದಿ ಆಗಿದೆಯಲ್ಲ, ಅದಕ್ಕೇ’ ಅಂತ ಅವರೇ ಹೇಳಿಕೊಂಡರು. ನಿಮ್ಮ ಮೂವತ್ತಾರನೆ ಹಾಳೇಲಿ ಏನಿದೆ? ‘ವಾಂತಿ ಭೇದಿಯಾದವರಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಇಳಿಯುತ್ತದೆ. ಏರಿದ್ದರೆ ನಿಲ್ಲು, ಯೋಚಿಸು. ನಲವತ್ತೊಂದು ನೋಡು.’ ನಲವತ್ತೊಂದನೇದು ತೆಗೆದು ಅವರ ಮೂಗಿಗೆ ಹಿಡಿದೆ. ‘ಸಲೈನ್ ಕೊಟ್ಟರೂ ಬಿಪಿ ಏಳದಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ನೆನೆ. ತಿಂಗಳುಗಟ್ಟಲೆ ಸುಸ್ತು, ತೂಕ ಇಳಿದದ್ದು, ಉಪ್ಪಿನ ಆಸೆ, ಮೈ ಕಪ್ಪಾದದ್ದು ಇದ್ದವೇ, ಕೇಳು. ಅಂಗೈಯ ಗೆರೆ, ಒಸಡು, ಹಳೆಯ ಗಾಯದ ಕಲೆ ನೋಡು.’

‘ಇವರು ಈಜು ಕಲಿಸೋರಲ್ವಾ, ಬಿಸಿಲಿಗೆ ಕಪ್ಪಾಗಿರ್ತಾರೆ’ ಅಂದ್ರು ಡಾಕ್ಟರು.

‘ಯಾವ ಬಿಸಿಲು ಸಾರ್? ನಮ್ಮ ಕೊಳಕ್ಕೆ ಸೂರು ಹಾಕಿ ಎರಡು ವರ್ಷ ಆಯ್ತು. ಒಳಗಡೆ ಹಗಲಲ್ಲೂ ಟ್ಯೂಬ್‌ಲೈಟು. ಬಿಸಿಲು ಬಿದ್ರೂ ಅಂಗೈ ಒಳಗೆ ಬೀಳುತ್ತಾ?’ ಅಂದೆ.

ಅವರು ಅವಳ ಅಂಗೈ ಬಿಡಿಸಿ ನೋಡಿದರು. ಗೆರೆಗಳು ಮಸಿಯಲ್ಲಿ ಎಳೆದ ಹಾಗಿದ್ವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ದಿನಾ ಆ ಕೈಯಿಂದಲೇ ನನಗೆ ಚಹಾ ಲೋಟ ಕೊಡ್ತಿದ್ದಳು ಮೇಡಂ, ನಾನೂ ನೋಡಿರಲಿಲ್ಲ.

ಆಮೇಲೆ ಆ ಡಾಕ್ಟರು ಓಡಿದರು. ಪರೀಕ್ಷೆಗೆ ರಕ್ತ ತೆಗೆದಿಟ್ಟು, ಅದರ ಉತ್ತರಕ್ಕೆ ಕಾಯದೆ, ಆ ಗ್ರಂಥಿಯ ರಸದ ಬದಲಿಗೆ ಹೈಡ್ರೋಕಾರ್ಟಿಸೋನ್ ನೂರು ಮಿಲಿಗ್ರಾಂ ನರಕ್ಕೆ ಕೊಟ್ಟರು, ಜೊತೆಗೆ ಸಕ್ಕರೆ ನೀರು. ‘ಕಾಯಬೇಡ’ ಅಂತ ನಿಮ್ಮ ಹಾಳೇಲಿ ಅಡಿಗೆರೆ ಎಳೆದು ಬರೆದಿತ್ತು. ಎರಡು ಗಂಟೆಯಲ್ಲಿ ಬಿಪಿ ನೂರು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, ‘ಆ ಟೋಪಿ ಎಲ್ಲಿ?’ ಅಂತ. ‘ಅದನ್ನ ಬಿಸಾಕು’ ಅಂದಳು.

ಇನ್ನೊಂದು ವಿಷಯ. ಆ ನಲವತ್ತೊಂದನೆಯ ಹಾಳೆಯ ಅಂಚಿನಲ್ಲಿ ನಿಮ್ಮ ತಂಗಿಯದೇ ಪೆನ್ಸಿಲ್ ಬರಹ ಇದೆ. ಡಾಕ್ಟರು ಅದನ್ನ ಎರಡು ಸಲ ಓದಿದರು. ಕಾಗದದ ಜೊತೆ ಆ ಹಾಳೇನೇ ಕಳಿಸ್ತಿದೀನಿ, ನೋಡಿ.

ಇಂತಿ,
ಕಿಟಕಿಯವಳು


9 ಜೂನ್

ಮೊಸಳೆ,

ಈ ಕಾಗದ ಆರನೆಯ ಸಲ ಬರೆಯುತ್ತಿರುವುದು.

ಆಸ್ಪತ್ರೆಯಲ್ಲಿ ಮೂರು ದಿನವೂ ನಾನು ನಿನ್ನ ಸಲೈನ್ ಬಾಟಲಿ ನೋಡಿದೆ, ಚಾರ್ಟು ನೋಡಿದೆ, ಅಲ್ಲಿನ ನರ್ಸುಗಳ ಮೇಲೆ ಸಿಡುಕಿದೆ. ನಿನ್ನ ಮುಖ ನೋಡಲಿಲ್ಲ. ಹೊರಡುವ ದಿನ ನಿನ್ನ ಬಟ್ಟೆ ತರಲೆಂದು ಈಜುಕೊಳಕ್ಕೆ ಹೋದೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಕತ್ತೆತ್ತಿ ನೋಡಿದೆ. ತಗಡಿನ ದೊಡ್ಡ ಸೂರು. ಅದರ ಅಡ್ಡಪಟ್ಟಿಯ ಮೇಲೆ ಪಾರಿವಾಳ ಗೂಡು ಕಟ್ಟಿ ಎಷ್ಟೋ ಕಾಲವಾದಂತಿತ್ತು. ಅಷ್ಟು ಹಳೆಯ ಸೂರು ನನಗೆ ಗೊತ್ತಿರಲಿಲ್ಲ. ಅಮ್ಮನ ಸಲುವಾಗಿ ಬಂದಾಗ ಬಸ್ಸಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಸ್ಸಿಗೆ. ನೀನು ದಿನವಿಡೀ ನಿಲ್ಲುವ ಜಾಗವನ್ನು ಹದಿಮೂರು ವರ್ಷದ ಹಿಂದೆ ಒಮ್ಮೆ ನೋಡಿದ್ದೆ, ಆಗಿನ ಬಿಸಿಲನ್ನೇ ನಿನ್ನ ತಲೆಯ ಮೇಲೆ ಇಟ್ಟೇ ಇದ್ದೆ.

ರೋಗಿಯನ್ನು ನೋಡದೆ ಮದ್ದು ಹೇಳುವವರು ಡಾಕ್ಟರಲ್ಲ, ಕಣಿ ಹೇಳುವವರು ಎಂದು ವಾರ್ಡಿನಲ್ಲಿ ಕಲಿಸುತ್ತೇನೆ. ನಿನ್ನ ದೇಹ ಉಪ್ಪು ಹಿಡಿದಿಟ್ಟುಕೊಳ್ಳಲಾರದೆ ಬೇಡುತ್ತಿತ್ತು, ನಾನು ಉಪ್ಪು ಬಿಡಿಸಿದೆ. ಪೊಟ್ಯಾಸಿಯಂ ಹೊರಹಾಕಲಾರದೆ ತುಂಬಿಕೊಳ್ಳುತ್ತಿತ್ತು, ನಾನು ಬಾಳೆಹಣ್ಣು ತಿನ್ನಿಸಿದೆ. ಶತ್ರುವಿಗೂ ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡಲು ಬರುತ್ತಿರಲಿಲ್ಲ. ಸುಸ್ತು, ತೂಕ, ಉಪ್ಪು, ಕಪ್ಪು, ಕಣ್ಣುಕತ್ತಲೆ, ಎಲ್ಲವನ್ನೂ ನೀನು ಬರೆದಿದ್ದೆ. ಬೇರೆ ಯಾರ ಕೈಬರಹವಾಗಿದ್ದರೂ ನಾನು ರೋಗ ಕಂಡುಹಿಡಿಯುತ್ತಿದ್ದೆ. ನಿನ್ನದಾದ್ದರಿಂದ ಓದುವ ಮೊದಲೇ ಬೈಯಲು ಶುರುಮಾಡಿದ್ದೆ. ಇದನ್ನು ಒಪ್ಪಿಕೊಳ್ಳುವುದಕ್ಕೇ ಐದು ಕಾಗದ ಹರಿದೆ.

ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್, ತಕ್ಷಣ, ಆಮೇಲೆ ಆಸ್ಪತ್ರೆ. ರೋಗದ ಹೆಸರು ಬರೆದ ಚೀಟಿ ಸದಾ ಕುತ್ತಿಗೆಯಲ್ಲಿರಲಿ. ನಾನು ಹೇಳಿದ್ದನ್ನು ಇನ್ನು ಕೇಳು ಎನ್ನಲು ನನಗೆ ಬಾಯಿಲ್ಲ. ಅಲ್ಲಿನ ಡಾಕ್ಟರು ಹೇಳಿದ್ದನ್ನಾದರೂ ಕೇಳು.

ಅಕ್ಕ


28 ಜೂನ್

ಅಕ್ಕ,

ಆರು ಸಲ ಬರೆದದ್ದಂತೆ! ಮೊದಲ ಐದನ್ನು ಯಾಕೆ ಹರಿದೆ? ಬಹುಶಃ ಅವುಗಳಲ್ಲಿ ಬೈಗುಳ ಹೆಚ್ಚಿತ್ತು, ಚೆನ್ನಾಗಿರುತ್ತಿತ್ತು. ನಿನ್ನ ಪಶ್ಚಾತ್ತಾಪ ನಿನ್ನ ಅಪ್ಪಣೆಗಿಂತ ಕಷ್ಟ. ಅಪ್ಪಣೆಯಾದರೆ ಎದುರಾಡಬಹುದು.

ತಪ್ಪನ್ನೆಲ್ಲ ನೀನೊಬ್ಬಳೇ ತೆಗೆದುಕೊಂಡು ಹೋಗಬೇಡ, ಸಣ್ಣವಳಿದ್ದಾಗ ದೊಡ್ಡ ಪಾಲು ತೆಗೆದುಕೊಳ್ಳುತ್ತಿದ್ದ ಹಾಗೆ. ನಲವತ್ತೊಂದನೆಯ ಹಾಳೆಯನ್ನು ನಾನೂ ಓದಿದ್ದೆ. ಮೇ ಒಂಬತ್ತಕ್ಕೆ, ತಲೆ ತಿರುಗುತ್ತಿದ್ದಾಗಲೇ, ಮೆಟ್ಟಿಲ ಮೇಲೆ ಕೂತು. ಎರಡು ವಾಕ್ಯ ತಿದ್ದಿದೆ. ಅಂಚಿನಲ್ಲಿ ಏನು ಬರೆದೆನೆಂದು ಈಗ ನಿನಗೂ ಗೊತ್ತು: ‘ಇಂಥ ರೋಗ ಯಾರಿಗೆ ಬರುತ್ತದೆ? ನಂಬಲು ಕಷ್ಟ. ಒಂದು ಉದಾಹರಣೆ ಕೊಡು.’ ಆ ಪೆನ್ಸಿಲ್ ಹಿಡಿದಿದ್ದ ಬೆರಳಿನ ಗೆಣ್ಣು ಕಾಡಿಗೆ ಬಳಿದ ಹಾಗೆ ಕಪ್ಪಗಿತ್ತು. ಟೋಪಿಯ ವಿಷಯವನ್ನೂ ನೇರವಾಗಿ ಬರೆಯಬಹುದಿತ್ತು. ನೀನೇ ಕೇಳಲಿ ಅಂತ ಹಟ ಹಿಡಿದೆ. ಆ ಹಟಕ್ಕೆ ಎಪ್ಪತ್ತು ಬಿಪಿ.

ಈಗ ಇನ್ನೊಂದು. ಅಮ್ಮ ತೀರಿಕೊಂಡ ವಾರ ಫೋನಿನಲ್ಲಿ ನಾನು ಒಂದು ಮಾತು ಅಂದೆ, ‘ನೀನು ಬೇಗ ಬಂದು ನೋಡಿದ್ದರೆ ಅಮ್ಮ ಉಳೀತಿದ್ದಳು’ ಅಂತ. ಅದು ಸುಳ್ಳೆಂದು ಅನ್ನುವಾಗಲೇ ಗೊತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ನನಗೇ ಏನೂ ಮಾಡಲಾಗಲಿಲ್ಲ. ಆ ಸಿಟ್ಟು ಯಾರ ಮೇಲಾದರೂ ಬೀಳಬೇಕಿತ್ತು, ನಿನ್ನ ಮೇಲೆ ಬಿತ್ತು. ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು, ನೀನು ಆರು ಸಲದಲ್ಲಿ ಮುಗಿಸಿದೆ.

ಹೋದ ವಾರ ಸಣ್ಣ ಜ್ವರ ಬಂತು. ಮಾತ್ರೆ ಎರಡರಷ್ಟು ಮಾಡಿದೆ, ಇಳಿಯಿತು. ಕಿಟಕಿಯಮ್ಮ ಇಂಜೆಕ್ಷನ್ ಚುಚ್ಚುವುದನ್ನು ನರ್ಸಿನಿಂದ ಕಲಿತು ಬಂದಿದ್ದಾಳೆ. ನಾನು ಸೀನಿದರೂ ಸೂಜಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ, ಮುಖದಲ್ಲಿ ಎಂಥ ಆಸೆ! ಈ ಹೆಂಗಸಿನ ಕಾಟದಿಂದ ನಾನು ಆರೋಗ್ಯವಾಗಿರಲೇಬೇಕಾಗಿದೆ.

ಉಪ್ಪು ತಿನ್ನುತ್ತಿದ್ದೇನೆ. ಡಾಕ್ಟರ ಅಪ್ಪಣೆ.

ಮೊಸಳೆ


17 ಆಗಸ್ಟ್

ಮೊಸಳೆ,

ಸಮಿತಿ ಕೈಪಿಡಿಯನ್ನು ಒಪ್ಪಿತು. ‘ಕೇಳು’, ‘ನೋಡು’, ‘ಕಾಯಬೇಡ’ ಎಲ್ಲ ಹಾಗೇ ಉಳಿದಿವೆ. ತಕ್ಕದ್ದು ಒಂದೂ ಇಲ್ಲ. ನಿನ್ನ ಪೆನ್ಸಿಲ್ ಬರಹವಿರುವ ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಅದರ ಕಥೆ ಹೇಳಿದೆ. ಗಾಂಭೀರ್ಯ ಬೇಕೆಂದವರೇ ಮೊದಲು ಸಹಿ ಹಾಕಿದರು.

ನೀನು ಕೇಳಿದ್ದ ಉದಾಹರಣೆ ಬರೆದಿದ್ದೇನೆ. ಅಚ್ಚಿಗೆ ಹೋಗುವ ಮೊದಲು ನೋಡು. ನಿನಗೆ ಬೇಡವೆನಿಸಿದರೆ ತೆಗೆದುಬಿಡುತ್ತೇನೆ.

‘ಉದಾಹರಣೆ: ನಲವತ್ತೊಂದು ವರ್ಷದ ಈಜು ಶಿಕ್ಷಕಿ. ಜ್ವರ, ವಾಂತಿ, ಕುಸಿತ. ಬಟ್ಟೆಗೆ ಕ್ಲೋರಿನ್ ವಾಸನೆ ಇದ್ದುದರಿಂದ ವಿಷಗಾಳಿ ಎಂದುಕೊಂಡರು. ಅಡ್ರಿನಲ್ ಗ್ರಂಥಿ ತಿಂಗಳುಗಳಿಂದ ಸೋಲುತ್ತಿತ್ತು. ಸುಸ್ತು, ಉಪ್ಪಿನ ಆಸೆ, ಕಪ್ಪಾಗುವುದು, ಎಲ್ಲವನ್ನೂ ಅವಳು ಹೇಳಿದ್ದಳು. ಅವಳ ಅಕ್ಕ ಡಾಕ್ಟರು. ಬಿಸಿಲು ಎಂದಳು. ಕೊಳಕ್ಕೆ ಸೂರಿತ್ತು. ಅಕ್ಕ ದೂರದ ಊರಿನಲ್ಲಿದ್ದುದರಿಂದ ಅದು ಅವಳಿಗೆ ಗೊತ್ತಿರಲಿಲ್ಲ.’

ಅಕ್ಕ


24 ಆಗಸ್ಟ್

ಅಕ್ಕ,

ಹಾಳೆ ವಾಪಸು ಕಳಿಸಿದ್ದೇನೆ. ತೆಗೆಯಬೇಡ, ಇರಲಿ. ಒಂದೇ ತಿದ್ದುಪಡಿ. ‘ದೂರದ ಊರಿನಲ್ಲಿದ್ದುದರಿಂದ’ ಎನ್ನುವ ಕೊನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ದೂರ ಅದಕ್ಕೆ ಕಾರಣವಲ್ಲ, ನಿನ್ನ ನರ್ಸುಗಳಿಗೆ ಸುಳ್ಳು ಕಲಿಸಬೇಡ. ‘ಅಕ್ಕ ಕೇಳಲಿಲ್ಲ, ತಂಗಿ ಹೇಳಲಿಲ್ಲ’ ಎಂದು ಬರೆದಿದ್ದೇನೆ. ವಾಕ್ಯವೂ ಚಿಕ್ಕದಾಯಿತು.

ನನ್ನ ಹತ್ತಿರ ಇದ್ದ ಕೊನೆಯ ಸ್ಟಾಂಪು ಇದಕ್ಕೆ ಹಚ್ಚಿದೆ. ಹೊಸದು ತರುವುದಿಲ್ಲ. ಭಾನುವಾರ ಕೊಳಕ್ಕೆ ರಜೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡು. ಜಗಳವಾದರೆ ಆಗಲಿ, ನನ್ನ ದನಿ ಹೇಗಿದೆ ಅಂತಲಾದರೂ ಕೇಳು.

ಮೊಸಳೆ